64 ಕೋರ್ ಆಮೇಲೆ, ಮೊದಲು ಡೇಟಾ ಎಷ್ಟು ಓಡಾಡುತ್ತಿದೆ ನೋಡಿ

ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ತುಂಬಿ ಪರೀಕ್ಷಿಸುವ ಚಿಪ್) ಮೇಲೆ 8 ರಿಸ್ಕ್-ಫೈವ್ (ಮುಕ್ತ ಇನ್‌ಸ್ಟ್ರಕ್ಷನ್ ಸೆಟ್) ಕೋರ್ ಓಡಿಸಿದ್ದೀರಿ, 640×480ರ ಚಿತ್ರಕ್ಕೆ 3×3 ಫಿಲ್ಟರ್ (ಪ್ರತಿ ಜಾಗದ ಒಂಬತ್ತು ಪಿಕ್ಸೆಲ್ಲನ್ನು ಒಂಬತ್ತು ತೂಕಗಳಿಂದ ಗುಣಿಸಿ ಕೂಡುವುದು) ಹಾಕುತ್ತಿದ್ದೀರಿ. ಇದನ್ನೇ 64 ಕೋರಿಗೆ ಏರಿಸಿ ಕಡಿಮೆ ವೋಲ್ಟೇಜಿನಲ್ಲಿ ನಡೆಸಿದರೆ ಪವರ್ ಉಳಿಯುವುದಿಲ್ಲವೇ, ಯಾವ ಕೊಹೆರೆನ್ಸ್ ಪ್ರೋಟೊಕಾಲ್ (ಕೋರುಗಳ ಕ್ಯಾಶ್‌ಗಳಲ್ಲಿರುವ ಒಂದೇ ಡೇಟಾದ ಪ್ರತಿಗಳು ಹೊಂದಿಕೆಯಾಗಿರುವಂತೆ ನೋಡಿಕೊಳ್ಳುವ ನಿಯಮ) ಹಾಕಲಿ ಎಂದು ಕೇಳಿದ್ದೀರಿ. ಎಂ.ಟೆಕ್ ಮಾಡುವಾಗ ನಾನೂ ಇದನ್ನೇ, ಇದೇ ಕ್ರಮದಲ್ಲಿ ಕೇಳಿದವನು. ಅದಕ್ಕೇ ನೇರವಾಗಿ ಹೇಳುತ್ತೇನೆ: 64 ಸದ್ಯಕ್ಕೆ ಬೇಡ, ಕೊಹೆರೆನ್ಸ್ ಬೇಡವೇ ಬೇಡ, ವೋಲ್ಟೇಜ್ ಕೊನೆಗಿರಲಿ. ಫಿಲ್ಟರಿನಲ್ಲಿ ಎರಡು ಕೋರು ಸೇರಿ ಒಂದೇ ಪಿಕ್ಸೆಲ್ ಬರೆಯುವ ಪ್ರಸಂಗವೇ ಇಲ್ಲ. ಇಲ್ಲದ ಜಗಳ ಬಿಡಿಸಲು ಹಾರ್ಡ್‌ವೇರ್ ಯಾಕೆ?

ಒಂದು ಪಿಕ್ಸೆಲ್ಲಿನ ಖರ್ಚು ನೋಡಿ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರ ಐಎಸ್‌ಎಸ್‌ಸಿಸಿ ಎಂಬ ಚಿಪ್ ವಿನ್ಯಾಸದ ಸಮ್ಮೇಳನದಲ್ಲಿ 45 ನ್ಯಾನೊಮೀಟರ್, 0.9 ವೋಲ್ಟಿಗೆ ಕೊಟ್ಟ ಅಂಕಿಗಳು ಹಳೆಯವಾದರೂ ಪ್ರಮಾಣ ತಿಳಿಯಲು ಸಾಕು. 8 ಬಿಟ್ ಗುಣಾಕಾರಕ್ಕೆ 0.2 ಪಿಕೋಜೂಲ್, ಕೂಡುವುದಕ್ಕೆ 0.03. ಒಂಬತ್ತು ಸಲ ಗುಣಿಸಿ ಕೂಡಿದರೂ ಸುಮಾರು 2 ಪಿಕೋಜೂಲ್ ಅಷ್ಟೇ. ಆದರೆ ಒಂದು ಇನ್‌ಸ್ಟ್ರಕ್ಷನ್ ತಂದು, ಡಿಕೋಡ್ ಮಾಡಿ, ರಿಜಿಸ್ಟರ್ ಓದಿ ಮುಗಿಸಲು ಸುಮಾರು 70 ಹೋಗುತ್ತದೆ. ಒಂಬತ್ತು ಲೋಡ್, ಒಂಬತ್ತು ಗುಣಾಕಾರ, ಒಂಬತ್ತು ಕೂಡಿಕೆ ಎಂದರೆ 27 ಇನ್‌ಸ್ಟ್ರಕ್ಷನ್, 1,890 ಪಿಕೋಜೂಲ್. ಚಿಪ್ಪಿನ ಹೊರಗಿನ ಮೆಮೊರಿಯಾದ ಡಿರ್ಯಾಮ್‌ನಿಂದ 64 ಬಿಟ್ ತರಲು 1,300ರಿಂದ 2,600. ಪಿಕ್ಸೆಲ್ ಒಂದಕ್ಕೆ 160ರ ಮೇಲೆ, ಅದೂ ಒಂದೇ ಸಲ ತಂದರೆ. ಕೋರ್ 8 ಇರಲಿ 64 ಇರಲಿ, ಈ ಖರ್ಚಿನಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಕೋರಿನ ಒಳಗೆ. ಜ್ಯೂರಿಕ್‌ನ ಇಟಿಎಚ್ ಮತ್ತು ಬೊಲೊನ್ಯಾ ವಿಶ್ವವಿದ್ಯಾಲಯಗಳು 2013ರಲ್ಲಿ ಶುರುಮಾಡಿದ ಪಲ್ಪ್ ವಿನ್ಯಾಸದ ಕೋರ್ ತೆಗೆದು ನೋಡಿ, ಆರ್‌ಟಿಎಲ್ (ಹಾರ್ಡ್‌ವೇರನ್ನು ವಿವರಿಸುವ ಕೋಡ್) ಮುಕ್ತವಾಗಿಯೇ ಸಿಗುತ್ತದೆ. ನಾಲ್ಕು 8 ಬಿಟ್ ಗುಣಾಕಾರ ಮಾಡಿ ಮೊತ್ತಕ್ಕೆ ಸೇರಿಸುವ ಕೆಲಸ ಅದರಲ್ಲಿ ಒಂದೇ ಇನ್‌ಸ್ಟ್ರಕ್ಷನ್. ಫಿಲ್ಟರಿನ ಒಂದು ಸಾಲಿಗೆ ಮೂರು ತೂಕ, ನಾಲ್ಕನೆಯದಕ್ಕೆ ಸೊನ್ನೆ. ಮೂರು ಲೋಡ್, ಮೂರು ಡಾಟ್ ಪ್ರಾಡಕ್ಟ್, 27ರ ಜಾಗದಲ್ಲಿ 6. ಪಿಕ್ಸೆಲ್ ಅನ್‌ಸೈನ್ಡ್, ತೂಕ ಸೈನ್ಡ್ ಆಗಿರುವುದರಿಂದ ಮಿಶ್ರ ಚಿಹ್ನೆಯ ಇನ್‌ಸ್ಟ್ರಕ್ಷನ್ನೇ ಬೇಕು, ಇಲ್ಲವಾದರೆ 127ಕ್ಕಿಂತ ಹೆಚ್ಚು ಬೆಳಕಿನ ಪಿಕ್ಸೆಲ್ಲೆಲ್ಲ ಋಣ ಸಂಖ್ಯೆಯಾಗಿ ಹೋಗುತ್ತವೆ. ವರ್ಡಿನ (ನಾಲ್ಕು ಬೈಟಿನ ಗುಂಪು) ಗಡಿ ದಾಟುವ ಲೋಡ್ ಎರಡು ಸಲ ಮೆಮೊರಿ ಮುಟ್ಟುತ್ತದೆ. ಬೇಡವೆಂದರೆ ಎರಡು ರಿಜಿಸ್ಟರಿನ ಬೈಟುಗಳನ್ನು ಆಯ್ದು ಜೋಡಿಸುವ ಷಫಲ್ ಇನ್‌ಸ್ಟ್ರಕ್ಷನ್ ಬಳಸಿ. ಎಂಟೂ ಕೋರು ಒಂದೇ ಪ್ರೋಗ್ರಾಂ ಓಡಿಸುವುದರಿಂದ ಇನ್‌ಸ್ಟ್ರಕ್ಷನ್ ಕ್ಯಾಶ್ ಕೂಡ ಹಂಚಿಕೊಳ್ಳಲಿ.

ಎರಡನೆಯದು ಮೆಮೊರಿ. ಕೋರಿಗೊಂದರಂತೆ ಇರುವ ಡೇಟಾ ಕ್ಯಾಶ್ ತೆಗೆದುಹಾಕಿ, ಎಲ್ಲಕ್ಕೂ ಸೇರಿ 64 ಕಿಲೋಬೈಟ್‌ನ ಸ್ಕ್ರ್ಯಾಚ್‌ಪ್ಯಾಡ್ (ಏನು ತುಂಬಬೇಕೆಂದು ಪ್ರೋಗ್ರಾಮೇ ಹೇಳುವ ಚಿಪ್ಪಿನೊಳಗಿನ ಮೆಮೊರಿ) ಇಡಿ, ತುಂಬಲು ಡಿಎಂಎ (ಕೋರಿನ ನೆರವಿಲ್ಲದೆ ಡೇಟಾ ಸಾಗಿಸುವ ಘಟಕ) ಇಡಿ. 16 ಸಾಲು ಫಲಿತಾಂಶಕ್ಕೆ 18 ಸಾಲು ಚಿತ್ರ ಬೇಕು: ಪಿಕ್ಸೆಲ್ಲಿಗೆ ಒಂದು ಬೈಟಿನಂತೆ 11,520 ಬೈಟ್ ಒಳಕ್ಕೆ, 10,240 ಹೊರಕ್ಕೆ. ಇಂಥ 16 ಸಾಲಿನ ಒಂದು ಪಟ್ಟಿ ಲೆಕ್ಕವಾಗುತ್ತಿರುವಾಗ ಇನ್ನೊಂದು ತುಂಬುತ್ತಿರಬೇಕಾದ್ದರಿಂದ ಇದರ ಎರಡರಷ್ಟು, 43,520. ಉಳಿದದ್ದು ಸ್ಟ್ಯಾಕಿಗೆ. ಮರುಓದು 12.5% ಮಾತ್ರ. ನಾಲ್ಕೇ ಸಾಲಿನ ಪಟ್ಟಿ ಮಾಡಿದರೆ ಅದು 50% ಆಗುತ್ತದೆ, ಅಷ್ಟೂ ಡಿರ್ಯಾಮ್ ಖರ್ಚು.

ಇನ್ನು ಎಲ್ಲರೂ ಎಡವುವ ಜಾಗ. ಇದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ, ಯಾಕೆಂದರೆ ಸಿಮ್ಯುಲೇಶನ್ ಪಾಸಾಗುತ್ತದೆ, ಉತ್ತರ ಸರಿಬರುತ್ತದೆ, ವೇಗ ಮಾತ್ರ ಬರುವುದಿಲ್ಲ. ಆಗ ಇನ್ನಷ್ಟು ಕೋರ್ ಸೇರಿಸುವ ಮನಸ್ಸಾಗುತ್ತದೆ, ರೋಗ ಹೆಚ್ಚುತ್ತದೆ. ಸ್ಕ್ರ್ಯಾಚ್‌ಪ್ಯಾಡನ್ನು 16 ಬ್ಯಾಂಕ್ (ಒಂದು ಸೈಕಲ್ಲಿಗೆ ಒಂದೇ ಬೇಡಿಕೆ ಪೂರೈಸುವ ತುಂಡುಗಳು) ಮಾಡಿದ್ದೀರಿ ಎಂದುಕೊಳ್ಳಿ, ಕೋರಿನ ಎರಡರಷ್ಟು. ಅದು ಸರಿಯಾದ ಅಳತೆಯೇ. ಅಕ್ಕಪಕ್ಕದ ವರ್ಡುಗಳು ಅಕ್ಕಪಕ್ಕದ ಬ್ಯಾಂಕಿನಲ್ಲಿ ಕೂರುತ್ತವೆ, 64 ಬೈಟಿಗೆ ಒಂದು ಸುತ್ತು ಮುಗಿಯುತ್ತದೆ. ನಿಮ್ಮ ಸಾಲಿನ ಅಗಲ 640 ಬೈಟ್, ಅಂದರೆ ಸರಿಯಾಗಿ ಹತ್ತು ಸುತ್ತು. ಹಾಗಾಗಿ ಪ್ರತಿಯೊಂದು ಸಾಲೂ ಸೊನ್ನೆಯ ಬ್ಯಾಂಕಿನಿಂದಲೇ ಶುರು. ಕೋರಿಗೆ ಎರಡೆರಡು ಸಾಲು ಹಂಚಿದರೆ, ಬ್ಯಾರಿಯರ್ (ಎಲ್ಲ ಕೋರೂ ಬರುವವರೆಗೆ ಕಾಯುವ ಜಾಗ) ದಾಟಿದ ಎಂಟೂ ಕೋರು ಒಂದೇ ಕಾಲಮ್ಮಿಗೆ, ಅಂದರೆ ಒಂದೇ ಬ್ಯಾಂಕಿಗೆ ಕೈಚಾಚುತ್ತವೆ. 3×3 ಫಿಲ್ಟರಿನ ಮುಂದಿನ ಎರಡು ಲೋಡೂ ಕೆಳಗಿನ ಸಾಲಿನ ಅದೇ ಕಾಲಮ್, ಮತ್ತೆ ಅದೇ ಬ್ಯಾಂಕ್. ಎಂಟು ಜನ ಒಂದು ಕೌಂಟರಿನ ಮುಂದೆ ಸಾಲು ನಿಂತು ಪಕ್ಕದ ಹದಿನೈದು ಖಾಲಿ ಬಿದ್ದ ಹಾಗೆ. ಕಾಯುವ ಕೋರಿನಲ್ಲೂ ಕ್ಲಾಕ್ ಮಿಡಿಯುತ್ತದೆ, ಲೀಕೇಜ್ (ಕೆಲಸವಿಲ್ಲದಿದ್ದರೂ ಸೋರುವ ಕರೆಂಟ್) ಹರಿಯುತ್ತದೆ.

ಪರಿಹಾರ ಸಾಲಿಗೆ ನಾಲ್ಕು ಬೈಟ್. ಸ್ಕ್ರ್ಯಾಚ್‌ಪ್ಯಾಡಿನಲ್ಲಿ ಸಾಲಿನ ಅಂತರ 640ರ ಬದಲು 644 ಇಡಿ, ಅಂದರೆ 161 ವರ್ಡ್. ಎರಡು ಸಾಲಿಗೆ 322. 16ರಿಂದ ಭಾಗಿಸಿದರೆ ಶೇಷ 2. ಈಗ ಎಂಟು ಕೋರು 0, 2, 4 ಹೀಗೆ 14ರವರೆಗೆ ಬೇರೆಬೇರೆ ಬ್ಯಾಂಕಿನಲ್ಲಿ ಶುರುಮಾಡುತ್ತವೆ. ಚಿತ್ರದ 18 ಸಾಲಿಗೆ ಹೆಚ್ಚಾಗುವ ಜಾಗ 72 ಬೈಟ್. ಫಲಿತಾಂಶದ ಸಾಲುಗಳಿಗೂ ಹೀಗೇ ಮಾಡಿ. ಡಿಎಂಎಗೆ ಮೂಲದ ಅಂತರ 640, ಗುರಿಯ ಅಂತರ 644 ಎಂದು ಬೇರೆಬೇರೆ ಹೇಳಲು ಬರಬೇಕು. ಬಾರದಿದ್ದರೆ ಸಾಲಿಗೊಂದು ಕಮಾಂಡ್ ಕೊಡಿ.

ಬ್ಯಾರಿಯರ್‌ನಲ್ಲಿ ಹಂಚಿಕೊಂಡ ವೇರಿಯಬಲ್ ಮೇಲೆ ಲೂಪ್ ಹೊಡೆಸಬೇಡಿ. ಕಾಯುವ ಕೋರಿನ ಕ್ಲಾಕ್ ನಿಲ್ಲಿಸಿ, ಕೊನೆಯವನು ಬಂದಾಗ ಎಬ್ಬಿಸುವ ಸಣ್ಣ ಈವೆಂಟ್ ಯೂನಿಟ್ ಬರೆಯಿರಿ. ಕ್ಲಾಕ್ ನಿಲ್ಲಿಸಲು ಬರಿಯ ಆಂಡ್ ಗೇಟ್ ಬೇಡ, ಗ್ಲಿಚ್ (ಕ್ಲಾಕಿನಲ್ಲಿ ಬೇಡದ ಚಿಕ್ಕ ಮಿಡಿತ) ಬರುತ್ತದೆ. ಲ್ಯಾಚ್ ಇರುವ ಕ್ಲಾಕ್ ಗೇಟಿಂಗ್ ಸೆಲ್ಲನ್ನೇ ಹಾಕಿ. ಎಫ್‌ಪಿಜಿಎಯಲ್ಲಿ ಮಾತ್ರ ಆ ಜಾಗಕ್ಕೆ ಕ್ಲಾಕ್ ಎನೇಬಲ್.

ವೋಲ್ಟೇಜ್: 0.9ರಿಂದ 0.6ಕ್ಕೆ ಇಳಿಸಿದರೆ ಸ್ವಿಚಿಂಗ್ ಎನರ್ಜಿ 44%ಕ್ಕೆ ಬರುತ್ತದೆ, ನಿಜ. ಆದರೆ ಕೆಲಸ ನಿಧಾನವಾಗುತ್ತದೆ, ಅಷ್ಟು ಹೊತ್ತೂ ಲೀಕೇಜ್ ಸೋರುತ್ತದೆ. ಸ್ಕ್ರ್ಯಾಚ್‌ಪ್ಯಾಡಿಗೆ ಬಳಸುವ ಆರು ಟ್ರಾನ್ಸಿಸ್ಟರಿನ ಎಸ್‌ರ್ಯಾಮ್ ಲಾಜಿಕ್ಕಿಗಿಂತ ಮೊದಲೇ ಕೈಕೊಡುತ್ತದೆ. ಮೆಮೊರಿಗೆ ಬೇರೆ ಸಪ್ಲೈ, ನಡುವೆ ಸಿಗ್ನಲ್ಲಿನ ವೋಲ್ಟೇಜ್ ಬದಲಿಸುವ ಲೆವೆಲ್ ಶಿಫ್ಟರ್ ಬೇಕಾಗುತ್ತದೆ. ಇದ್ಯಾವುದನ್ನೂ ಎಫ್‌ಪಿಜಿಎ ಬೋರ್ಡಿನ ಪವರ್ ಮೀಟರ್ ತೋರಿಸುವುದಿಲ್ಲ. ಅಲ್ಲಿ ಸೈಕಲ್ ಎಣಿಸಿ, ಪವರ್ ಅಳೆಯಬೇಡಿ. ಪವರಿಗೆ ಚಿಪ್ ತಯಾರಕ ಸ್ಕೈವಾಟರ್‌ನ ಮುಕ್ತ 130 ನ್ಯಾನೊಮೀಟರ್ ಲೈಬ್ರರಿಯಲ್ಲಿ ಸಿಂಥಸಿಸ್ (ಆರ್‌ಟಿಎಲ್ಲನ್ನು ಗೇಟುಗಳಾಗಿಸುವುದು) ಮಾಡಿ, ನಿಜವಾದ ಒಂದು ಪಟ್ಟಿ ಚಿತ್ರ ಕೊಟ್ಟು ಗೇಟ್ ಮಟ್ಟದ ಸಿಮ್ಯುಲೇಶನ್ ಓಡಿಸಿ, ಅದರ ವಿಸಿಡಿಯನ್ನು (ಸಿಗ್ನಲ್ ಬದಲಾದುದರ ದಾಖಲೆಯ ಫೈಲ್) ಪವರ್ ಲೆಕ್ಕಹಾಕುವ ಮುಕ್ತ ಟೂಲ್ ಓಪನ್‌ಎಸ್‌ಟಿಎಗೆ ಕೊಡಿ. ಟೂಲ್ ತಾನೇ ಊಹಿಸುವ ಟಾಗಲ್ ರೇಟನ್ನು (ಸಿಗ್ನಲ್ ಎಷ್ಟು ಸಲ ಬದಲಾಗುತ್ತದೆ ಎಂಬುದು) ಥೀಸಿಸ್‌ನಲ್ಲಿ ಹಾಕಬೇಡಿ.

64ರ ಬಗ್ಗೆ: ಪ್ರೋಗ್ರಾಮಿನ 5% ಸರಣಿಯಾಗಿಯೇ ನಡೆಯುವಂಥದ್ದಾದರೆ 8 ಕೋರಿಗೆ 5.9 ಪಟ್ಟು ವೇಗ, 64ಕ್ಕೆ 15.4. ಎಂಟು ಪಟ್ಟು ಸಿಲಿಕಾನಿಗೆ ಸಿಕ್ಕಿದ್ದು 2.6 ಪಟ್ಟು. ಈಗಿನ ಎಂಟು ಕೋರಿಗೆ ಮೂರು ಕೌಂಟರ್ ಹಾಕಿ: ಕೆಲಸದ ಸೈಕಲ್, ಬ್ಯಾಂಕಿಗೆ ಕಾದ ಸೈಕಲ್, ಬ್ಯಾರಿಯರ್‌ನಲ್ಲಿ ಕಾದ ಸೈಕಲ್. ಎರಡನೆಯದೂ ಮೂರನೆಯದೂ ಸೇರಿ ಮೊದಲನೆಯದರ ಹತ್ತನೇ ಒಂದಕ್ಕೆ ಇಳಿದ ಮೇಲೆ, ಇದೇ ಎಂಟರ ಗುಂಪನ್ನು ಇನ್ನೊಂದು ಪ್ರತಿ ಮಾಡಿ ನಡುವೆ ಎಲ್2 (ಎರಡನೇ ಹಂತದ) ಮೆಮೊರಿ ಇಡಿ. 64 ಕೋರಿಗೂ ಸೇರಿ ಒಂದೇ ಕ್ರಾಸ್‌ಬಾರ್ (ಪ್ರತಿ ಕೋರನ್ನೂ ಪ್ರತಿ ಬ್ಯಾಂಕಿಗೂ ಜೋಡಿಸುವ ತಂತಿಜಾಲ) ಎಳೆಯಲು ಹೋಗಬೇಡಿ, ಅದರ ತಂತಿಗಳೇ ಕೋರಿಗಿಂತ ಹೆಚ್ಚು ಜಾಗ ಕೇಳಲು ಶುರುಮಾಡುತ್ತವೆ.