ಪ್ರಯಾಣಿಕರ ಹಡಗನ್ನು ಯುದ್ಧದಲ್ಲಿ ಮೈನ್ (ಹಡಗು ಸಿಡಿಸಲು ಸಮುದ್ರದಲ್ಲಿ ಇಟ್ಟ ಬಾಂಬ್) ತೆಗೆಯಲು ಬಳಸಿದ್ದು ನಿಜವೇ?

ನಿಜ. ನನಗೆ ಇಷ್ಟವಾದ ಉದಾಹರಣೆ ‘ಮೆಡ್ವೇ ಕ್ವೀನ್’. 1924ರಲ್ಲಿ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ಕಟ್ಟಿದ, ಎರಡು ಬದಿಗೂ ದೊಡ್ಡ ಚಕ್ರಗಳಿರುವ ಉಗಿಹಡಗು. ಇಂಗ್ಲೆಂಡಿನ ಮೆಡ್ವೇ, ಥೇಮ್ಸ್ ನದಿಗಳ ಕಡೆ ರಜೆ ಕಳೆಯಲು ಹೊರಟವರನ್ನು ಕರೆದೊಯ್ಯುವುದೇ ಇದರ ಕೆಲಸವಾಗಿತ್ತು.

ಎರಡನೇ ಮಹಾಯುದ್ಧ ಶುರುವಾದ 1939ರಲ್ಲಿ ಬ್ರಿಟನ್ನಿನ ನೌಕಾಪಡೆ ಇದನ್ನು ವಶಕ್ಕೆ ತೆಗೆದುಕೊಂಡು ಬಂದೂಕು ಕೂರಿಸಿತು, ಮೈನ್ ತೆಗೆಯುವ ಸಲಕರಣೆ ಜೋಡಿಸಿತು. ಯಾಕೆ ಇಂಥ ಹಡಗು? ಇದು ನೀರಿನಲ್ಲಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಹಾಗಾಗಿ ಸರಪಳಿಯಿಂದ ಸಮುದ್ರದ ತಳಕ್ಕೆ ಕಟ್ಟಿದ ಮೈನ್‌ಗೆ ತಾಗುವ ಸಾಧ್ಯತೆ ಕಡಿಮೆ. ಹಿಂದೆ ಎಳೆದುಕೊಂಡು ಹೋಗುವ ಉಕ್ಕಿನ ತಂತಿ ಆ ಸರಪಳಿಯನ್ನು ಕತ್ತರಿಸುತ್ತದೆ. ಮೈನ್ ಮೇಲೆ ತೇಲಿ ಬರುತ್ತದೆ, ಅದನ್ನು ಗುಂಡು ಹೊಡೆದು ಮುಗಿಸುತ್ತಾರೆ. ಕೇಳೋಕೆ ಸುಲಭ, ಅಲ್ವಾ? ಮಾಡುವವರ ಎದೆ ಗಟ್ಟಿ ಇರಬೇಕು!

ಆದರೆ ಹೆಸರು ಬಂದದ್ದು ಬೇರೆ ಕೆಲಸಕ್ಕೆ. 1940ರಲ್ಲಿ ಫ್ರಾನ್ಸಿನ ಡಂಕರ್ಕ್ ಬಂದರಿನಲ್ಲಿ ಸಿಕ್ಕಿಬಿದ್ದ ಸೈನಿಕರನ್ನು ತರಲು ಇದು ಏಳು ಸಲ ಹೋಗಿ ಬಂತು. ಸುಮಾರು 7,000 ಜನರನ್ನು ಕರೆತಂದಿತು ಎನ್ನುತ್ತಾರೆ. ಜೊತೆಗಿದ್ದ ‘ಬ್ರೈಟನ್ ಬೆಲ್’ ಹಡಗು ಮುಳುಗುವಾಗ ಅದರಲ್ಲಿದ್ದವರನ್ನೂ ಹತ್ತಿಸಿಕೊಂಡಿತು.

ಯುದ್ಧ ಮುಗಿದ ಮೇಲೆ ಮತ್ತೆ ಪ್ರಯಾಣಿಕರ ಸೇವೆ, 1963ರವರೆಗೆ. ಆಮೇಲೆ ಗುಜರಿಗೆ ಹೋಗಬೇಕಿತ್ತು. ಸ್ವಲ್ಪದರಲ್ಲಿ ಪಾರಾಗಿ, ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೈಟ್‌ಕ್ಲಬ್ ಆಯಿತು! 1984ರಲ್ಲಿ ಮೆಡ್ವೇಗೆ ತಂದಾಗ ತೀರಾ ಹಾಳಾಗಿತ್ತು. ಕೊನೆಗೆ ಬ್ರಿಸ್ಟಲ್‌ನಲ್ಲಿ ಹಳೆಯ ಪದ್ಧತಿಯಂತೆ ರಿವೆಟ್ ಹೊಡೆದು ಹೊಸ ಒಡಲನ್ನೇ ಕಟ್ಟಿದರು. 2013ರಿಂದ ಮೆಡ್ವೇ ದಡದ ಜಿಲ್ಲಿಂಗ್‌ಹ್ಯಾಮ್‌ನಲ್ಲಿದೆ.