ತಗ್ಗಿನ ಹೊಲ ತುಂಬಿಸಬೇಕಾ, ಬಿಡಬೇಕಾ?

ಓದುಗರ ಪ್ರಶ್ನೆ, ರೈತಮಹಿಳೆಯ ಉತ್ತರ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಸಿಂಧನೂರು ತಾಲೂಕು. ಎಂಟು ಎಕರೆ ನೀರಾವರಿ ಇದೆ. ಹಳ್ಳದ ಕಡೆಯ ಎರಡು ಎಕರೆ ತಗ್ಗು, ನೀರು ನಿಂತು ಜವುಳಾಗಿ ಏಳೆಂಟು ವರ್ಷ ಆಯ್ತು. ಬರೀ ಜೊಂಡು. ಈಗ ಬೆಳ್ಳಕ್ಕಿ, ನೀರುಕೋಳಿ ಬರುತ್ತಿವೆ. ಗರಸು ಮಣ್ಣು ಹೊಡೆಸಿ ಎತ್ತರ ಮಾಡೋಣ ಅಂತಾರೆ ಅಪ್ಪ. ಹಾಗೇ ಬಿಟ್ಟು, ಮೇಲಿನ ಊರ ಕೆರೆಗೆ ಜೋಡಿಸಬೇಕು ಅಂತ ನನಗೆ ಆಸೆ. ಆಗುತ್ತಾ?

ಉತ್ತರ: ತಮ್ಮಾ, ಗರಸಿಗೆ ಟ್ರ್ಯಾಕ್ಟರ್ ಹೇಳಿದ್ದರೆ ಮೊದಲು ಬೇಡ ಅಂತ ಫೋನ್ ಮಾಡು. ಉಳಿದದ್ದು ಆಮೇಲೆ ಓದು.

ಕಂಪ್ಲಿ ಹತ್ತಿರ ನಮ್ಮದೂ ಇಂಥದೇ ಒಂದು ತಗ್ಗು ಇತ್ತು. ನಮ್ಮ ಮಾವನವರು ಗರಸು ತುಂಬಿಸಿದರು. ಎರಡು ವರ್ಷ ಭತ್ತ ಚೆನ್ನಾಗಿ ಬಂತು. ಮೂರನೇ ಬೇಸಿಗೆಯಲ್ಲಿ ಪಕ್ಕದವರ ಹೊಲದ ಮೂಲೆಯಲ್ಲಿ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪದರ ಕಾಣಿಸಿತು. ನಮ್ಮ ತಗ್ಗಿನಲ್ಲಿ ನಿಲ್ಲುತ್ತಿದ್ದ ನೀರು ಎಲ್ಲೂ ಹೋಗಿರಲಿಲ್ಲ. ಅವರ ಪೈರಿನ ಬೇರಿನ ಕೆಳಗೆ ಹೋಗಿ ನಿಂತಿತ್ತು. ಒಂದೇ ಬಾವಿಯ ನೀರು ಕುಡಿದ ಎರಡು ಮನೆಗಳು ಮಾತು ಬಿಟ್ಟವು. ಅದು ನನಗೆ ಇವತ್ತಿಗೂ ನೋವು. ಆ ಗರಸನ್ನು ತೆಗೆಸಲು ತುಂಬಿಸಿದ್ದಕ್ಕಿಂತ ಜಾಸ್ತಿ ದುಡ್ಡು ಹೋಯ್ತು.

ನಮ್ಮ ಎರೆ ಮಣ್ಣು ನೀರು ಕುಡಿದರೆ ಬೇಗ ಬಿಡುವುದಿಲ್ಲ. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟಾಗ ಇಲ್ಲಿ ಬಹುಪಾಲು ಕಡಿಮೆ ನೀರಿನ ಬೆಳೆ ಬೆಳೆಯಲಿ ಅಂತ ಯೋಜನೆ ಇತ್ತು. ನಾವು ಭತ್ತಕ್ಕೆ ಬಿದ್ದೆವು. ಮೇಲಿನ ಗದ್ದೆಯ ನೀರು ಇಳಿದು ತಗ್ಗಿಗೆ ಬರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ನೆಲದ ಮೇಲೆ ಉಳಿಯುತ್ತದೆ. ಹಾಗಾಗಿ ಕಾಲುವೆ ಬಂದ್ ಆದಮೇಲೆ ಎದೆಮಟ್ಟದ ಒಂದು ಗುಂಡಿ ತೋಡಿ, ನೀರು ಎಷ್ಟು ಆಳದಲ್ಲಿದೆ ನೋಡು. ಮಣ್ಣನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸು. ಸವುಳು-ಜವುಳು ಭೂಮಿಯ, ಅಂದರೆ ಉಪ್ಪೇರಿದ, ನೀರು ನಿಂತ ನೆಲದ ಮೇಲೆ ಅವರು ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಎರಡು ಎಕರೆಯಲ್ಲಿ ಎಷ್ಟು ಬೆಳೆಗೆ ಬರುತ್ತದೆ, ಎಷ್ಟು ಬಿಡಬೇಕು ಅನ್ನುವುದು ಆಗ ಗೊತ್ತಾಗುತ್ತದೆ. ಒಂದು ಎಕರೆ ಉಳಿದರೂ ಅಪ್ಪ ಒಪ್ಪುತ್ತಾರೆ, ಅಲ್ವಾ?

ಇನ್ನು ಜೋಡಿಸುವ ಮಾತು. ಜೆಸಿಬಿ ತಂದು ಕೆರೆಯಿಂದ ನೆಟ್ಟಗೆ ಕಾಲುವೆ ಹೊಡೆಸಬೇಡ. ಹಳ್ಳ ಆಗಲೇ ಜೋಡಿಸಿದೆ, ನಾವೇ ನಡುನಡುವೆ ಕಡಿದಿದ್ದೇವೆ. ಕೆರೆಯ ಕೋಡಿಯಿಂದ ನಿನ್ನ ಹೊಲದವರೆಗೆ ದಂಡೆ ಹಿಡಿದು ಒಂದು ದಿನ ನಡೆ. ಎಲ್ಲಿ ಹಳ್ಳ ಉತ್ತು ಸಪಾಟ ಮಾಡಿದ್ದಾರೆ, ಎಲ್ಲಿ ಬಳ್ಳಾರಿ ಜಾಲಿ ಮುಚ್ಚಿದೆ, ಎಲ್ಲಿ ದಾರಿಯ ಕೆಳಗೆ ಪೈಪ್ ಇದೆ, ಎಲ್ಲ ಬರೆದುಕೋ.

ಪೈಪನ್ನು ಕುಳಿತು ನೋಡು. ನಮ್ಮಲ್ಲಿ ಒಂದು ಪೈಪನ್ನು ಹಳ್ಳದ ತಳಕ್ಕಿಂತ ಒಂದು ಮೊಳ ಎತ್ತರದಲ್ಲಿ ಇಟ್ಟಿದ್ದರು. ಮೊದಲ ದೊಡ್ಡ ಮಳೆಗೆ ಬೆರಳುದ್ದದ ಮೀನುಗಳು ನೀರಿಗೆ ಎದುರಾಗಿ ಬಂದವು. ಪೈಪಿನ ಬಾಯಿಗೆ ಹಾರಿ, ಸಿಮೆಂಟಿಗೆ ಬಡಿದು, ಕೆಳಗೆ ಬೀಳುತ್ತಿದ್ದವು. ಮತ್ತೆ ಹಾರುತ್ತಿದ್ದವು. ಬೆಳ್ಳಕ್ಕಿಗಳು ಪಕ್ಕದಲ್ಲೇ ನಿಂತು ಹೆಕ್ಕಿ ತಿಂದವು. ಮುಂದಿನ ಬೇಸಿಗೆಯಲ್ಲಿ ಊರವರೇ ಸೇರಿ ಬುಟ್ಟಿಯಲ್ಲಿ ಕಲ್ಲು ತಂದು ಪೈಪಿನ ಕೆಳಗೆ ಇಳಿಜಾರು ಕಟ್ಟಿದೆವು. ಅಷ್ಟೇ ಕೆಲಸ. ಆ ವರ್ಷ ಮೀನು ಹತ್ತಿದವು. ಹಳ್ಳ ಸರ್ಕಾರದ್ದು, ಪಂಚಾಯಿತಿಗೆ ಹೇಳಿ ಮಾಡು.

ಆಮೇಲೆ ದಂಡೆ. ಎರಡೂ ಕಡೆ ನಾಲ್ಕು ಹೆಜ್ಜೆ ಉಳಬೇಡಿ, ಹುಲ್ಲು ಬೆಳೆಯಲಿ. ಕಪ್ಪೆ, ಆಮೆ ಓಡಾಡುವುದು ಆ ಹುಲ್ಲಿನಲ್ಲೇ. ಎಲ್ಲ ರೈತರೂ ಒಪ್ಪಲಿಕ್ಕಿಲ್ಲ. ಒಪ್ಪಿದವರ ಹೊಲದಿಂದ ಶುರು ಮಾಡು.

ನಿನ್ನ ತಗ್ಗನ್ನು ಕೃಷಿ ಹೊಂಡದ ಹಾಗೆ ಕಡಿದಾಗಿ ಅಗೆಯಬೇಡ. ಅಂಚು ತಟ್ಟೆಯ ಹಾಗೆ ಇಳಿಯಲಿ. ಉದ್ದಕಾಲಿನ ಹಕ್ಕಿಗಳಿಗೆ ಕಣಕಾಲಿನಿಂದ ಮೊಣಕಾಲಿನವರೆಗಿನ ನೀರೇ ಬೇಕು. ಒಂದು ಮೂಲೆ ಮಾತ್ರ ಆಳ ಇರಲಿ, ಬೇಸಿಗೆಗೆ ಮೀನು ಅಲ್ಲಿ ಉಳಿಯುತ್ತವೆ. ಜೊಂಡನ್ನು ಪೂರ್ತಿ ಕೀಳಬೇಡ. ಗದ್ದೆ ನೀರು ಒಳಗೆ ಬರುವ ಕಡೆ ದಟ್ಟವಾಗಿರಲಿ, ಯೂರಿಯಾವನ್ನು ಅಷ್ಟಿಷ್ಟು ಅದು ಹೀರಿಕೊಳ್ಳುತ್ತದೆ. ಉಳಿದ ಕಡೆ ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಕೊಯ್ಯಿ. ಬಳ್ಳಾರಿ ಜಾಲಿಯನ್ನು ಸಸಿ ಇರುವಾಗಲೇ ಬೇರು ಸಮೇತ ಕಿತ್ತುಬಿಡು. ಕರಿಜಾಲಿ ಇದ್ದರೆ ಮುಟ್ಟಬೇಡ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರಕ್ಕೆ ಅಪ್ಪನನ್ನು ಒಮ್ಮೆ ಕರೆದುಕೊಂಡು ಹೋಗು. ಊರ ಕೆರೆಯ ನೀರಿನಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ರೈತರ ಕೆರೆಯೇ ಅದು.

ಆದರೆ ನಿನ್ನ ತಗ್ಗಿಗೆ ಕಾನೂನು ಕಾವಲಿರುತ್ತದೆ ಅಂದುಕೊಳ್ಳಬೇಡ. 2017ರ ಜೌಗು ಪ್ರದೇಶಗಳ ನಿಯಮದಲ್ಲಿ ಭತ್ತದ ಗದ್ದೆಯನ್ನೂ ನೀರಾವರಿಗೆಂದೇ ಕಟ್ಟಿದ ಕೆರೆಯನ್ನೂ ಹೊರಗಿಟ್ಟಿದ್ದಾರೆ. ಕಾಯುವವರು ನೀವೇ.

ಇಷ್ಟು ಸಣ್ಣ ಜಾಗದಿಂದ ಏನಾಗುತ್ತೆ ಅಂತ ಊರಲ್ಲಿ ಕೇಳುತ್ತಾರೆ. ನಮ್ಮ ತುಂಗಭದ್ರಾ ನದಿಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ನೀರುನಾಯಿಗಳಿಗೆಂದು 2015ರಲ್ಲಿ ಮೀಸಲಾಯಿತು. ನೀರುನಾಯಿಗೆ ಮೀನು ಬೇಕು. ಎಷ್ಟೋ ಮೀನು ಮರಿ ಮಾಡುವುದು ನದಿಯ ಸೆಳವಿನಲ್ಲಲ್ಲ, ಇಂಥ ಹಳ್ಳದ ಬದಿಯ ತೆಳು ನೀರಿನಲ್ಲಿ.

ಪ್ರಶ್ನೆ: ನೀರು ನಿಂತರೆ ಸೊಳ್ಳೆ ಜಾಸ್ತಿ ಆಗಲ್ವಾ? ಹಕ್ಕಿ ಭತ್ತ ತಿನ್ನಲ್ವಾ? (ಇದೂ ಅದೇ ಓದುಗರದು, ಅಮ್ಮ ಕೇಳಲು ಹೇಳಿದ್ದಾರೆ.)

ಉತ್ತರ: ಅಮ್ಮನ ಭಯ ಸುಮ್ನೆ ಅಲ್ಲ. ಕೊಳೆತ ಚರಂಡಿ, ಒಡೆದ ಟೈರು, ಮುಚ್ಚದ ತೊಟ್ಟಿಯಲ್ಲಿ ಸೊಳ್ಳೆ ಮುಕ್ಕುವವರು ಯಾರೂ ಇಲ್ಲ. ತಗ್ಗಿನಲ್ಲಿ ಸಣ್ಣ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ ಇದ್ದರೆ ಸೊಳ್ಳೆಮರಿ ತಿಂದು ಹಾಕುತ್ತವೆ. ಅದಕ್ಕೇ ನೀರಿಗೆ ಔಷಧಿ ಹೊಡೆಯಬೇಡಿ, ಅವೇ ಮೊದಲು ಸಾಯುತ್ತವೆ. ಸೊಳ್ಳೆಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಮೀನು ತಂದು ಬಿಡಿ ಅಂತ ಯಾರಾದರೂ ಹೇಳಿದರೆ ಬೇಡ. ಅದು ಹೊರಗಿನದು, ಕಪ್ಪೆಯ ಮರಿಯನ್ನೂ ತಿನ್ನುತ್ತದೆ.

ಭತ್ತದ ವಿಷಯದಲ್ಲಿ ಸುಳ್ಳು ಹೇಳಲಾರೆ. ಬೆಳ್ಳಕ್ಕಿ ಹುಳ ತಿನ್ನುತ್ತದೆ, ಆದರೆ ನೇರಳೆ ಜಂಬುಕೋಳಿ ಎಳೆ ಭತ್ತದ ಬುಡ ಕಿತ್ತು ಹಾಕುತ್ತದೆ. ಜೊಂಡಿಗೆ ಹತ್ತಿದ ಗದ್ದೆಗೇ ಪೆಟ್ಟು ಜಾಸ್ತಿ. ನಾನು ಆ ಅಂಚಿನಲ್ಲಿ ಹತ್ತು ಹೆಜ್ಜೆ ಅಗಲ ಭತ್ತ ಬಿಟ್ಟು ದನದ ಮೇವು ಹಾಕಿದ್ದೇನೆ. ಅಮ್ಮನಿಗೆ ಹೇಳು, ಎಮ್ಮೆಗೆ ಬೇಸಿಗೆಯಲ್ಲೂ ಹಸಿ ಮೇವು ಸಿಗುತ್ತದೆ.