ಬಿಎಫ್‌ಸಿ ಫೈನಲ್ ಸೋತದ್ದು ಮಿಡ್‌ಫೀಲ್ಡ್‌ನಿಂದಾನಾ?

ಅಣ್ಣ, 2025ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫುಟ್‌ಬಾಲ್ ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸೋತದ್ದಕ್ಕೆ ಮಿಡ್‌ಫೀಲ್ಡೇ, ಅಂದ್ರೆ ಮೈದಾನದ ನಡುವೆ ಆಡೋ ಸಾಲೇ, ಕಾರಣನಾ ಅಂತ ಕೇಳಿದ್ದೀರಿ. ಪೂರ್ತಿ ತಪ್ಪು ಅದರ ಮೇಲೆ ಹೊರಿಸೋಕೆ ನನಗೆ ಮನಸ್ಸಿಲ್ಲ. ಮೊದಲು ಮುಂದಿದ್ದವರು ನಾವೇ. ಆಮೇಲೆ ಬಗಾನ್‌ನ ಕಮ್ಮಿಂಗ್ಸ್ ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಅವರದೇ ಮೆಕ್ಲಾರೆನ್ ಗೋಲು. 2-1ಕ್ಕೆ ಸೋತ್ವಿ.

ಆಗ ನಮ್ಮ ಮಿಡ್‌ಫೀಲ್ಡ್‌ನ ಬಲ ಅಂದ್ರೆ ನೊಗೇರಾ. ಎದುರಾಳಿಯ ಎರಡು ಸಾಲುಗಳ ನಡುವೆ ನಿಂತು ಚೆಂಡು ತಗೊಂಡು, ತಿರುಗಿ, ತಲೆ ಎತ್ತಿ ನೋಡ್ತಿದ್ರು. ಆ ಹೊತ್ತಿಗೆ ಮುಂದೆ ಗೋಲು ಹೊಡೆಯೋ ಚೆಟ್ರಿ ಓಟ ಶುರು ಮಾಡಿರ್ತಿದ್ರು. ಮಿಡ್‌ಫೀಲ್ಡ್‌ನಲ್ಲೇ ಸ್ವಲ್ಪ ಹಿಂದೆ ಆಡ್ತಿದ್ದ ಪೆಡ್ರೊ ಕಾಪೊ ತಲೆಗೆ ಬರೋ ಚೆಂಡು ಬಿಡ್ತಿರಲಿಲ್ಲ. ಮೂರನೇ ಮಿಡ್‌ಫೀಲ್ಡರ್ ಸುರೇಶ್ ಸಿಂಗ್ ಇಬ್ಬರ ಪಾಲಿನ ಓಟವನ್ನೂ ಓಡ್ತಿದ್ರು. 2017ರ ಅಂಡರ್-17 ವಿಶ್ವಕಪ್ ಆಡಿದ ಹುಡುಗ, ದಮ್ಮಿಗೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ವೇಗದಲ್ಲಿ. ನೊಗೇರಾಗೆ ಆಗಲೇ 35 ಆಗಿತ್ತು, ಕಾಪೊ ಕೂಡ ಓಟಗಾರ ಆಗಿರಲಿಲ್ಲ. ಚೆಂಡು ಕಸಿಯೋಕೆ ಸುರೇಶ್ ಮುಂದೆ ನುಗ್ಗಿ ಪ್ರೆಸ್ ಮಾಡಿದಾಗ ಎದುರಾಳಿ ಒಂದೇ ಪಾಸ್‌ನಲ್ಲಿ ದಾಟಿಬಿಟ್ಟರೆ, ನಮ್ಮ ಗೋಲಿನ ಮುಂದೆ ನಿಲ್ಲೋ ಸೆಂಟರ್ ಬ್ಯಾಕ್‌ಗಳ (ನಡು ರಕ್ಷಕರ) ಮುಂದೆ ಬಯಲು! ನನಗೆ ಜಾಸ್ತಿ ಬೇಜಾರಾಗೋದು ಇದೇ.

ನಮ್ಮ ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ ಬಿಎಫ್‌ಸಿ ಹುಡುಗರನ್ನು ತಯಾರು ಮಾಡಿದ ಅಕಾಡೆಮಿ ಇತ್ತಲ್ವಾ? ಅಂಥ ಕಡೆಯಿಂದ ಒಬ್ಬ ಚುರುಕಾದ ಡಿಫೆನ್ಸಿವ್ ಮಿಡ್‌ಫೀಲ್ಡರ್, ಅಂದ್ರೆ ಆ ಖಾಲಿ ಜಾಗ ಕಾಯೋ ಆಟಗಾರ, ಬಂದಿದ್ರೆ ಸಾಕಿತ್ತು ಅನ್ಸುತ್ತೆ.

ಮ್ಯಾಚ್ ಮತ್ತೆ ಹಾಕಿ ನೋಡಿದ್ರೆ ಚೆಂಡಿನ ಹಿಂದೆ ಹೋಗ್ಬೇಡಿ. 60ನೇ ನಿಮಿಷದಿಂದ ಬರೀ ಸುರೇಶ್‌ನನ್ನೇ ನೋಡಿ. ಅವರ ಬೆನ್ನ ಹಿಂದೆ ಎಷ್ಟು ಜಾಗ ಖಾಲಿ ಬೀಳುತ್ತೆ ಅಂತ ಇಲ್ಲೇ ಬರೆಯಿರಿ.